ಎದುರಿಗಿಲ್ಲದವರ ಜೊತೆ ಆಟ

ಹಲವರು ಸೇರಿ ಆಡುವ ಕಂಪ್ಯೂಟರ್ ಆಟ ಎಂದೊಡನೆ ಇಂದಿನವರ ಕಣ್ಣ ಮುಂದೆ ಬರುವುದು ಒಂದೇ ಹೊತ್ತಿಗೆ ಹತ್ತಾರು ಮಂದಿ ಓಡುವ, ಅಡಗುವ, ಗುಂಡು ಹಾರಿಸುವ ರಣರಂಗ. 1980ರ ದಶಕದ ಕೊನೆಗೆ ಅಮೆರಿಕದ ಮನೆಗಳಲ್ಲಿ ಹಬ್ಬಿದ ಡಯಲ್-ಅಪ್ ಆಟಗಳೂ ಹಲವರ ಆಟಗಳೇ. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ ಜಾಗ. ಒಬ್ಬರು ಒಳಗಿದ್ದರೆ ಉಳಿದವರ ಫೋನಿನಲ್ಲಿ ಕೇಳುವುದು ಎಂಗೇಜ್ ಸದ್ದು. ಜಗುಲಿಯ ಮೇಲೆ ಬಿಟ್ಟ ಚದುರಂಗದ ಮಣೆಗೆ ಒಬ್ಬೊಬ್ಬರಾಗಿ ಬಂದು ಕಾಯಿ ನಡೆಸಿ ಹೋದ ಹಾಗೆ ಆಟ ಸಾಗುತ್ತಿತ್ತು. ಬೇರೆ ದಾರಿಯಿಲ್ಲದೆ ಹುಟ್ಟಿದ ಬಡ ಆಟಗಳೆಂದು ಅವುಗಳನ್ನು ಕನಿಕರದಿಂದ ನೆನೆಯುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅವುಗಳಲ್ಲಿ ಒಂದೆರಡು ಇಂದಿನ ಬಹುಪಾಲು ಆಟಗಳಿಗಿಂತ ಮೇಲ್ಮಟ್ಟದ ಕೃತಿಗಳು. ಅವುಗಳ ಬಲ ಬಂದದ್ದೇ ಆ ಇಕ್ಕಟ್ಟಿನಿಂದ.

ಮೊದಲು ಯಂತ್ರದ ಮಾತು. 1978ರ ಚಳಿಗಾಲದ ಭಾರಿ ಹಿಮಪಾತದಲ್ಲಿ ಶಿಕಾಗೋದ ವಾರ್ಡ್ ಕ್ರಿಸ್ಟೆನ್ಸೆನ್ ಮತ್ತು ರ‍್ಯಾಂಡಿ ಸ್ಯೂಸ್ ರೂಪಿಸಿದ ವ್ಯವಸ್ಥೆ ಆ ಫೆಬ್ರವರಿಯಲ್ಲಿ ಕರೆ ಸ್ವೀಕರಿಸತೊಡಗಿತು. ಅದೇ ಮೊದಲ ಬುಲೆಟಿನ್ ಬೋರ್ಡ್ ಸಿಸ್ಟಮ್, ಚಿಕ್ಕದಾಗಿ ಬಿಬಿಎಸ್. ಯಾರದೋ ಮನೆಯ ಕಂಪ್ಯೂಟರು, ಅದಕ್ಕೊಂದು ಮೋಡೆಮ್, ಒಂದು ಫೋನ್ ಲೈನು. ಕರೆ ಮಾಡಿದವರು ಸಂದೇಶ ಓದಿ, ಬರೆದು, ಫೋನ್ ಇಡುತ್ತಿದ್ದರು. ಮುಂದೆ ಇದರೊಳಗೆ ಆಟಗಳು ಬಂದವು. ಬಿಬಿಎಸ್ ತಂತ್ರಾಂಶವು ಕರೆದವರ ಹೆಸರು, ಅವರಿಗೆ ಉಳಿದಿರುವ ಸಮಯ, ಮೋಡೆಮ್ ಇರುವ ಪೋರ್ಟು ಇಷ್ಟನ್ನು ಒಂದು ಸಣ್ಣ ಕಡತದಲ್ಲಿ ಬರೆದಿಟ್ಟು ಹೊರಗಿನ ಪ್ರೋಗ್ರಾಮಿಗೆ ಅಧಿಕಾರ ಬಿಟ್ಟುಕೊಡುತ್ತಿತ್ತು. ಆಟ ಮುಗಿದ ಮೇಲೆ ಮತ್ತೆ ತನ್ನ ಕೈಗೆ ತೆಗೆದುಕೊಳ್ಳುತ್ತಿತ್ತು. ಇವನ್ನು ಡೋರ್ ಗೇಮ್ ಎಂದರು. ಲೈನು ಒಂದೇ ಆದ್ದರಿಂದ ಪ್ರತಿಯೊಬ್ಬರಿಗೂ ದಿನಕ್ಕೆ ಇಷ್ಟೇ ನಡೆ ಎಂಬ ನಿಯಮ ಬಂತು.

ಈ ನಿಯಮದ ಬೆಲೆ ಸರಿಯಾಗಿ ಅರಿತ ಆಟ ಸೆತ್ ರಾಬಿನ್ಸನ್ 1989ರಲ್ಲಿ ಬರೆದ 'ಲೆಜೆಂಡ್ ಆಫ್ ದ ರೆಡ್ ಡ್ರ್ಯಾಗನ್', ಆಡುವವರ ಬಾಯಲ್ಲಿ 'ಲಾರ್ಡ್'. ತಮ್ಮದೇ ಬಿಬಿಎಸ್‌ಗೆ ಕರೆ ಮಾಡುವವರಿಗಾಗಿ ಅವರು ಇದನ್ನು ಬರೆದರು. ಕತೆ ಸರಳ: ಒಂದು ಊರು, ಪಕ್ಕದಲ್ಲಿ ಕಾಡು, ಊರಿನ ಮಕ್ಕಳನ್ನು ಹೊತ್ತೊಯ್ಯುವ ಕೆಂಪು ಡ್ರ್ಯಾಗನ್. ದಿನಕ್ಕೆ ಇಂತಿಷ್ಟು ಬಾರಿ ಕಾಡಿನಲ್ಲಿ ಕಾದಾಡಿ, ಬಂದ ಹಣದಲ್ಲಿ ಕತ್ತಿ ಕವಚ ಕೊಂಡು, ಗುರುಗಳನ್ನು ಸೋಲಿಸಿ 12 ಹಂತ ಏರಬೇಕು. ಡ್ರ್ಯಾಗನ್ನನ್ನು ಕೊಂದವರು ಕೀರ್ತಿ ಹೊತ್ತು ಮತ್ತೆ ಮೊದಲ ಹಂತಕ್ಕೆ ಇಳಿಯುತ್ತಾರೆ. ಹೊಸಬರಿಗೂ ಹಳಬರಿಗೂ ನಡುವಿನ ದೂರ ಇದರಿಂದ ಮತ್ತೆ ಮತ್ತೆ ಕಡಿಮೆಯಾಗುತ್ತದೆ. ಈ ಒಂದು ಜಾಣ್ಮೆಯನ್ನು ಇಂದಿನ ಅನೇಕ ಆಟಗಳು ಕಲಿತೇ ಇಲ್ಲ.

ಆದರೆ ನಾನು 'ಲಾರ್ಡ್' ಅನ್ನು ಮೆಚ್ಚುವುದು ಅದರ ಕಾಡಿಗಾಗಿಯಲ್ಲ, ಅದರ ನಿದ್ದೆಗಾಗಿ. ಅಂದಿನ ನಡೆಗಳು ಮುಗಿದ ಮೇಲೆ ನಿಮ್ಮ ಪಾತ್ರ ಎಲ್ಲಾದರೂ ಮಲಗಬೇಕು. ಬಯಲಿನಲ್ಲಿ ಮಲಗಿದರೆ ಖರ್ಚಿಲ್ಲ, ಆದರೆ ನಿಮ್ಮ ನಂತರ ಕರೆ ಮಾಡುವ ಯಾರಾದರೂ ನಿಮ್ಮ ಮೇಲೆ ಬೀಳಬಹುದು. ಗೆದ್ದರೆ ನಿಮ್ಮ ಕೈಲಿದ್ದ ಹಣ ಅವರದ್ದು. ಛತ್ರದಲ್ಲಿ ಕೋಣೆ ಹಿಡಿದರೆ ತಕ್ಕಮಟ್ಟಿಗೆ ಕ್ಷೇಮ. ಅಲ್ಲಿಯೂ ಛತ್ರದವನಿಗೆ ಲಂಚ ಕೊಟ್ಟು ಒಳಗೆ ನುಗ್ಗುವವರುಂಟು. ಹಣವನ್ನು ಬ್ಯಾಂಕಿನಲ್ಲಿ ಇಡಲು ಮರೆತಿರೋ, ಬೆಳಗಿನ ಊರ ಸುದ್ದಿಯಲ್ಲಿ ನಿಮ್ಮ ಸಾವಿನ ವಾರ್ತೆ, ಕೊಂದವರ ಹೆಸರಿನ ಸಮೇತ. ಫೋನ್ ಇಟ್ಟು ಶಾಲೆಗೆ ಹೋದ ಹುಡುಗಿ ಗಣಿತದ ತರಗತಿಯಲ್ಲಿ ಕೂತಿದ್ದರೂ ಮನಸ್ಸಿನ ಒಂದು ಮೂಲೆ ಆ ಬಯಲಿನಲ್ಲಿ ಮಲಗಿರುತ್ತದೆ. ಆಡದೆ ಇರುವ ಇಪ್ಪತ್ತಮೂರು ಗಂಟೆಯನ್ನೂ ಆಟದ ಭಾಗವಾಗಿಸಿದ್ದು ಈ ಕೃತಿಯ ದೊಡ್ಡ ಸಾಧನೆ. ಎದುರಾಳಿಯ ಮುಖ ಕಾಣುವುದಿಲ್ಲ, ಅವನು ಮಾಡಿಹೋದ ಕೆಲಸ ಮಾತ್ರ ಕಾಣುತ್ತದೆ. ಅದರಿಂದ ಅವನ ಸ್ವಭಾವವನ್ನು ಊಹಿಸಬೇಕು: ಇವನು ಸಂಜೆ ಬರುವವನೋ, ನಡುರಾತ್ರಿ ಬರುವವನೋ, ದ್ವೇಷ ಇಟ್ಟುಕೊಳ್ಳುವವನೋ. ಊಹಿಸುವ ಕೆಲಸ ಓದುಗನದ್ದೇ ಆಗಿರುವ ಒಳ್ಳೆಯ ಕತೆಯ ಗುಣ ಇದು.

ಬರವಣಿಗೆಯ ಬಗೆಗೂ ಒಂದು ಮಾತು. 2400 ಬಿಪಿಎಸ್ ಮೋಡೆಮಿನಲ್ಲಿ ಸೆಕೆಂಡಿಗೆ ಸುಮಾರು 240 ಅಕ್ಷರ ಬರುತ್ತಿತ್ತು. 80 ಅಂಕಣ, 25 ಸಾಲಿನ ಪರದೆ ಪೂರ್ತಿ ತುಂಬಲು ಎಂಟು ಸೆಕೆಂಡಿಗೂ ಹೆಚ್ಚು. ಅಷ್ಟು ನಿಧಾನದಲ್ಲಿ ವ್ಯರ್ಥ ಸಾಲನ್ನು ಯಾರೂ ಸಹಿಸುವುದಿಲ್ಲ. 'ಲಾರ್ಡ್'ನ ಗದ್ಯ ಚುಟುಕು, ತುಂಟ. ಒಂದು ಅಕ್ಷರ ಒತ್ತಿದರೆ ಒಂದು ಕೆಲಸ. ಬಣ್ಣದ ಅಕ್ಷರಗಳನ್ನು ಜೋಡಿಸಿ ಬಿಡಿಸಿದ ಆನ್ಸಿ ಚಿತ್ರಗಳು ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ಮೂಡುವಾಗ ಡ್ರ್ಯಾಗನ್ ಬರುವ ಮುನ್ನವೇ ಕಾತರ ಹುಟ್ಟುತ್ತಿತ್ತು.

ಈ ಆಟದ ದೊಡ್ಡ ದೋಷವನ್ನೂ ಹೇಳಲೇಬೇಕು. ಛತ್ರದಲ್ಲಿ ಬಡಿಸುವ ವಯೊಲೆಟ್ ಎಂಬ ಹೆಣ್ಣು ಅಂಕ ಕೂಡಿಸಿ ಗೆಲ್ಲುವ ಬಹುಮಾನವಾಗಿಯೇ ಉಳಿಯುತ್ತಾಳೆ. ಹೆಣ್ಣಾಗಿ ಆಡುವವರಿಗೆ ಹಾಡುಗಾರ ಸೆತ್ ಏಬಲ್ ಇದ್ದಾನೆ, ಆದರೆ ಆ ಏರ್ಪಾಡು ಸಮಾನತೆಗೆ ಸಾಲದು. ಹುಡುಗರು ಹುಡುಗರಿಗಾಗಿ ಕಟ್ಟಿದ ಲೋಕದ ಇಕ್ಕಟ್ಟು ಇಲ್ಲಿ ಎದ್ದು ಕಾಣುತ್ತದೆ, ಕಾಲದ ನೆಪ ಹೇಳಿ ಅದನ್ನು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ಹಿರಿಮೆಯಲ್ಲಿ ಇದಕ್ಕೆ ಸರಿಸಾಟಿಯೆಂದು ಎಣಿಸಲ್ಪಡುವುದು 'ಟ್ರೇಡ್‌ವಾರ್ಸ್ 2002'. ಕ್ರಿಸ್ ಶೆರಿಕ್ 1984ರಲ್ಲಿ ಬರೆದ 'ಟ್ರೇಡ್ ವಾರ್ಸ್' ಪರಂಪರೆಯಲ್ಲಿ ಗ್ಯಾರಿ ಮಾರ್ಟಿನ್ ಬೆಳೆಸಿದ ಆಟವಿದು. ಸಿಸಾಪ್, ಅಂದರೆ ಬಿಬಿಎಸ್ ನಡೆಸುವವರು, 'ಬಿಗ್ ಬ್ಯಾಂಗ್' ಎಂಬ ಪ್ರೋಗ್ರಾಮ್ ಓಡಿಸಿದರೆ ಸೆಕ್ಟರು ಎಂಬ ಅನೇಕ ವಿಭಾಗಗಳ ಹೊಸ ಬ್ರಹ್ಮಾಂಡ ಹುಟ್ಟುತ್ತದೆ. ಇಂಧನದ ಅದಿರು, ಆಹಾರ ವಸ್ತು, ಯಂತ್ರೋಪಕರಣ ಈ ಮೂರು ಸರಕನ್ನು ಬಂದರಿನಿಂದ ಬಂದರಿಗೆ ಸಾಗಿಸಿ, ಚೌಕಾಸಿ ಮಾಡಿ ಲಾಭ ಗಳಿಸಬೇಕು. ಒಂದೇ ದಾರಿಯಿರುವ ಮೂಲೆಯ ಸೆಕ್ಟರು ಹುಡುಕಿ ಅಲ್ಲಿ ಗ್ರಹ ಸೃಷ್ಟಿಸಿ, ಕೋಟೆ ಕಟ್ಟಿ, ಕಾವಲು ಫೈಟರುಗಳನ್ನು ಬಿಟ್ಟು ಹೋಗಬಹುದು. ನೀವಿಲ್ಲದಾಗ ಅವು ನಿಮ್ಮ ಪರವಾಗಿ ಹೋರಾಡುತ್ತವೆ. ಮರುದಿನ ಬಂದು ಗ್ರಹ ಅಲ್ಲೇ ಇದೆಯೇ ಎಂದು ನೋಡುವ ಕ್ಷಣದ ಎದೆಬಡಿತವನ್ನು ಇದನ್ನು ಆಡಿದವರೆಲ್ಲ ಬಲ್ಲರು. ತಂತ್ರದ ಆಳದಲ್ಲಿ 'ಲಾರ್ಡ್' ಇದರ ಹತ್ತಿರವೂ ಬರುವುದಿಲ್ಲ.

ಆದರೂ ನಾನು ಇದನ್ನು ಎರಡನೆಯ ಸ್ಥಾನದಲ್ಲಿಡುತ್ತೇನೆ. ಎರಡು ಬಂದರುಗಳ ನಡುವೆ ಅದೇ ಸರಕು, ಅದೇ ಚೌಕಾಸಿ, ಅದೇ ಕೀಲಿಗಳು; ಗಳಿಕೆಯ ದಾರಿ ಬೇಸರ ತರಿಸುವಷ್ಟು ಒಂದೇ ತೆರ. ಹಾಗಾಗಿ ಜನ ತಮ್ಮ ಬದಲು ಆಡುವ ಸ್ಕ್ರಿಪ್ಟುಗಳನ್ನು ಬರೆದರು. ಪ್ರೋಗ್ರಾಮ್ ಬರೆಯಬಲ್ಲವರು ಗೆದ್ದರು, ಉಳಿದವರು ಬೆಲೆ ತೆತ್ತರು. ಎದುರಾಳಿ ಬಿಟ್ಟುಹೋದ ಗುರುತಿನ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಎಂಬ ನಂಬಿಕೆಯ ಮೇಲೆ ಈ ಆಟಗಳು ನಿಂತಿವೆ. ಆ ನಂಬಿಕೆಯನ್ನು ಕಾಪಾಡಿಕೊಳ್ಳುವ ರಚನೆ 'ಟ್ರೇಡ್‌ವಾರ್ಸ್'ಗಿಲ್ಲ.

ಅಮಿತ್ ಪಟೇಲ್ ಅವರ 'ಸೋಲಾರ್ ರೆಲ್ಮ್ಸ್ ಎಲೀಟ್' (1990), ಮೆಹುಲ್ ಪಟೇಲ್ ಅವರ 'ಬ್ಯಾರನ್ ರೆಲ್ಮ್ಸ್ ಎಲೀಟ್' ಸಾಮ್ರಾಜ್ಯ ಕಟ್ಟುವ ಆಟಗಳು. ಎರಡನೆಯದರಲ್ಲಿ ಒಂದು ಬಿಬಿಎಸ್‌ನ ಆಟಗಾರರೆಲ್ಲ ಒಂದಾಗಿ ಇನ್ನೊಂದು ಬಿಬಿಎಸ್ ಮೇಲೆ ಯುದ್ಧ ಹೂಡಬಹುದಿತ್ತು. ಟಾಮ್ ಜೆನ್ನಿಂಗ್ಸ್ 1984ರಲ್ಲಿ ಆರಂಭಿಸಿದ ಫಿಡೋನೆಟ್ ಮಾದರಿಯ ಅಂಚೆ ಜಾಲಗಳಲ್ಲಿ, ದೂರದ ಕರೆ ಅಗ್ಗವಾಗಿರುವ ರಾತ್ರಿಯ ಹೊತ್ತು, ಆ ದಾಳಿಗಳು ಪೊಟ್ಟಣವಾಗಿ ಊರಿಂದೂರಿಗೆ ಹೋಗುತ್ತಿದ್ದವು. ನಿನ್ನೆ 'ಲಾರ್ಡ್'ನ ಛತ್ರದಲ್ಲಿ ನಿಮ್ಮನ್ನು ಕೊಂದವನೇ ಇಂದು ನಿಮ್ಮ ಪಕ್ಷದ ಸೈನಿಕ.

ಇದೆಲ್ಲ ಸಾಧ್ಯವಾದದ್ದಕ್ಕೆ ಒಂದು ಬರಿಯ ಲೆಕ್ಕಾಚಾರದ ಕಾರಣವೂ ಇದೆ. ಅಮೆರಿಕದ ಬಹಳಷ್ಟು ಊರುಗಳಲ್ಲಿ ತಿಂಗಳ ಬಾಡಿಗೆ ಕಟ್ಟಿದರೆ ಸ್ಥಳೀಯ ಕರೆಗೆ ಬೇರೆ ಹಣವಿರಲಿಲ್ಲ. ದೂರದ ಕರೆ ದುಬಾರಿ. ಆದ್ದರಿಂದ ಒಂದು ಬಿಬಿಎಸ್‌ಗೆ ಬರುವವರು ಹೆಚ್ಚಾಗಿ ಅದೇ ಊರಿನವರು; ನಿಮ್ಮ ಗ್ರಹ ಕಿತ್ತುಕೊಂಡವನು ಮುಂದಿನ ಬೀದಿಯಲ್ಲಿ ಸಿಗುವ ಸಾಧ್ಯತೆ ಇತ್ತು. ಅದು ಕೈಯನ್ನು ಹಿಡಿದಿಡುತ್ತಿತ್ತು, ಗೆಲುವಿಗೆ ರುಚಿಯನ್ನೂ ಕೊಡುತ್ತಿತ್ತು. ಕರೆಕರೆಗೂ ಮೀಟರು ಓಡುತ್ತಿದ್ದ ನಮ್ಮ ದೇಶದಲ್ಲಿ ಈ ಪದ್ಧತಿ ಮನೆಮನೆಗೆ ಹಬ್ಬುವಂತಿರಲಿಲ್ಲ. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗ ಬಿಬಿಎಸ್ ಕಾಲ ಅಮೆರಿಕದಲ್ಲೇ ಇಳಿಮುಖವಾಗಿತ್ತು.

ಈ ಆಟಗಳಲ್ಲಿ ನ್ಯಾಯ ಪೂರ್ಣವಾಗಿತ್ತು ಎನ್ನಲಾರೆ. ನಡುರಾತ್ರಿ ದಿನ ಬದಲಾದೊಡನೆ ಮೊದಲು ಲೈನು ಹಿಡಿದವರಿಗೆ ಮಲಗಿದ್ದವರೆಲ್ಲ ಸುಲಭದ ತುತ್ತು. ಸಿಸಾಪ್ ಮನಸ್ಸು ಮಾಡಿದರೆ ಯಾರ ಅಂಕವನ್ನೂ ತಿದ್ದಬಹುದಿತ್ತು. ಆದರೆ ದಿನದ ನಡೆಗಳನ್ನು ಸಾಮಾನ್ಯವಾಗಿ ಹಣ ಕೊಟ್ಟು ಹೆಚ್ಚಿಸಿಕೊಳ್ಳುವಂತಿರಲಿಲ್ಲ. ಇಂದು ಮೊಬೈಲಿನ ಎಷ್ಟೋ ಆಟಗಳು ಅದೇ ಮಿತಿಯನ್ನು ಎರವಲು ಪಡೆದು, 'ಶಕ್ತಿ ಮುಗಿಯಿತು, ಕಾಯಿರಿ ಅಥವಾ ಕೊಳ್ಳಿರಿ' ಎನ್ನುತ್ತವೆ. ಎಲ್ಲರಿಗೂ ಸಮಪಾಲು ಹಂಚಲು ಹುಟ್ಟಿದ ನಿಯಮವನ್ನು ಜೇಬಿಗೆ ಕೈ ಹಾಕುವ ಸಾಧನವಾಗಿ ಬಳಸುವುದು ನನಗೆ ಅಸಹ್ಯವೆನಿಸುತ್ತದೆ.

'ಲಾರ್ಡ್' ಇನ್ನೂ ಸತ್ತಿಲ್ಲ. ಇಂಟರ್ನೆಟ್ ಮೂಲಕ ಟೆಲ್ನೆಟ್‌ನಲ್ಲಿ ತಲುಪಬಹುದಾದ ಬಿಬಿಎಸ್‌ಗಳು ಇಂದಿಗೂ ನಡೆಯುತ್ತಿವೆ, ಸಿಂಕ್‌ಟರ್ಮ್ ಎಂಬ ಉಚಿತ ತಂತ್ರಾಂಶವಿದ್ದರೆ ಸಾಕು. ಆಡಿ ನೋಡಿ, ಆದರೆ ಒಬ್ಬರೇ ಹೋಗಬೇಡಿ. ಗೊತ್ತಿಲ್ಲದವರ ನಡುವೆ ಅದು ಅರ್ಧ ಆಟ. ನಾಲ್ಕೈದು ಗೆಳೆಯರನ್ನೋ ಸಹೋದ್ಯೋಗಿಗಳನ್ನೋ ಜೊತೆಗೆ ಸೇರಿಸಿಕೊಂಡು, ಒಂದು ತಿಂಗಳು ಬಿಡದೆ ಆಡಿ. ಮಲಗುವ ಮುನ್ನ ಹಣವನ್ನು ಬ್ಯಾಂಕಿನಲ್ಲಿಡಿ.