ನಿಧಾನವೋ? ನಿಧನವೋ?

ಜಾಲತಾಣದಲ್ಲಿ ಗುಂಡಿ ಒತ್ತಿದರೆ ಉತ್ತರ ಒಂದೆರಡು ಸೆಕೆಂಡುಗಳಲ್ಲಿ ಬರಬೇಕೆಂದು ನಾವು ನಿರೀಕ್ಷಿಸುತ್ತೇವೆ. ಜಾಲತಾಣಗಳ ಏರ್ಪಾಡೂ ಅದಕ್ಕೆ ತಕ್ಕಂತೆಯೇ ಇದೆ. ವ್ಯಾಪಕ ಬಳಕೆಯಲ್ಲಿರುವ ಎಂಜಿನ್‌ಎಕ್ಸ್ ಸರ್ವರ್, ಬೇರೆ ಸೂಚನೆ ಇಲ್ಲದಿದ್ದರೆ, ಹಿಂದಿರುವ ತಂತ್ರಾಂಶ 60 ಸೆಕೆಂಡು ಮೌನವಾಗಿದ್ದೊಡನೆ ಸಂಪರ್ಕವನ್ನು ಕಡಿದುಬಿಡುತ್ತದೆ. ಹಾಗಾದರೆ ಮೂರು ಗಂಟೆ ಬೇಡುವ ಗಣನೆಯನ್ನು ಜಾಲತಾಣದ ಮೂಲಕ ಮಾಡಿಸುವುದು ಹೇಗೆ?

ಹಿಟ್ಟಿನ ಗಿರಣಿಯಲ್ಲಿ ಡಬ್ಬ ಇಟ್ಟು ಬರುವಂತೆ! 1996ರ ಎಚ್‌ಟಿಟಿಪಿ ನಿಯಮಾವಳಿಯಲ್ಲೇ ಇದಕ್ಕೆ ದಾರಿಯಿದೆ. ಅದರ 202 ಎಂಬ ಸಂಕೇತಕ್ಕೆ ‘ಕೋರಿಕೆ ಸ್ವೀಕರಿಸಿದೆ, ಕೆಲಸ ಇನ್ನೂ ಮುಗಿದಿಲ್ಲ’ ಎಂದು ಅರ್ಥ. ಸರ್ವರ್ ಆ ಉತ್ತರ ಕೊಟ್ಟು, ಕೆಲಸವನ್ನು ಸರದಿಯ ಸಾಲಿನಲ್ಲಿಡುತ್ತದೆ. ವರ್ಕರ್ ಎಂಬ ಪ್ರತ್ಯೇಕ ಪ್ರೋಗ್ರಾಮ್ ಅದನ್ನು ಎತ್ತಿಕೊಂಡು ಹಿನ್ನೆಲೆಯಲ್ಲಿ ಮಾಡುತ್ತದೆ.

ಪೈಥಾನ್ ಬಳಸುವವರಲ್ಲಿ ಇದಕ್ಕೆ ಜನಪ್ರಿಯವಾದದ್ದು ‘ಸೆಲರಿ’ ಎಂಬ ಮುಕ್ತ ತಂತ್ರಾಂಶ. ಸಾಲನ್ನು ಕಾಪಾಡಲು ಅದರೊಡನೆ ‘ರೆಡಿಸ್’ ಅನ್ನು ಬಳಸುವುದು ರೂಢಿ. ಮಿಂಚಂಚೆ ಕಳುಹಿಸುವಂಥ ಪುಟ್ಟ ಕೆಲಸಗಳಿಗೆ ಈ ಜೋಡಿ ಅಚ್ಚುಕಟ್ಟಾದುದು. ಕೆಲವೇ ಸಾಲುಗಳ ಪ್ರೋಗ್ರಾಮ್ ಸಾಕು. ದೀರ್ಘ ಕೆಲಸಗಳ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ.

ವಿದ್ಯಾರ್ಥಿನಿಯೊಬ್ಬಳು ಕಾಂತವಸ್ತುವಿನ ಐಸಿಂಗ್ ಮಾದರಿಯನ್ನು ಮಾಂಟೆ ಕಾರ್ಲೊ ವಿಧಾನದಿಂದ ಗಣಿಸಲು ಬೆಳಿಗ್ಗೆ 10ಕ್ಕೆ ಕೆಲಸ ಒಪ್ಪಿಸಿದಳೆಂದಿಟ್ಟುಕೊಳ್ಳೋಣ. ಸೆಲರಿಯ ಸಹಜ ಏರ್ಪಾಡಿನಲ್ಲಿ ವರ್ಕರ್ ಕೆಲಸ ಆರಂಭಿಸುವ ಮೊದಲೇ ರಸೀದಿ ಕೊಟ್ಟುಬಿಡುತ್ತದೆ. ನಡುವೆ ವಿದ್ಯುತ್ ಹೋದರೆ ಕೆಲಸ ಕಳೆದುಹೋಯಿತು. ಸಾಲಿನಲ್ಲಿ ಅದರ ಗುರುತೂ ಇರದು. ಇದನ್ನು ತಪ್ಪಿಸಲು ಕೆಲಸ ಮುಗಿದ ಮೇಲೆ ರಸೀದಿ ಕೊಡುವಂತೆ ಬದಲಿಸಬಹುದು. ಆಗ ಇನ್ನೊಂದು ಪೀಡೆ. ರೆಡಿಸ್ ಜೊತೆಗಿನ ಏರ್ಪಾಡಿನಲ್ಲಿ 1 ಗಂಟೆಯೊಳಗೆ ರಸೀದಿ ಬಾರದಿದ್ದರೆ ಕೆಲಸ ಬೇರೊಂದು ವರ್ಕರ್‌ಗೆ ಹೋಗುತ್ತದೆ. 11ರ ಹೊತ್ತಿಗೆ ಇಬ್ಬರು, 12ರ ಹೊತ್ತಿಗೆ ಮೂವರು ಅದೇ ಗಣನೆ ಮಾಡುತ್ತ ಒಂದೇ ಕಡತದಲ್ಲಿ ಬರೆಯತೊಡಗಬಹುದು. ಆ ಕಡತದಿಂದ ಎಳೆದ ನಕ್ಷೆಗೆ ಯಾವ ಬೆಲೆ?

ಅವಧಿಯನ್ನು 4 ಗಂಟೆಗೆ ಏರಿಸಿದರಾಯಿತಲ್ಲ ಎನ್ನಬಹುದು. ಆಗ 10:10ಕ್ಕೆ ಗಣಕ ಆರಿದರೂ ಮಧ್ಯಾಹ್ನ 2ರವರೆಗೆ ಯಾರಿಗೂ ಅದರ ಸುಳಿವಿಲ್ಲ. ಸೆಲರಿಯ ಕೈಪಿಡಿ ಈ ಅಪಾಯಗಳನ್ನು ಮುಚ್ಚಿಟ್ಟಿಲ್ಲ, ನಿಜ. ಆದರೆ ಅವಧಿಯನ್ನು ಹಿಗ್ಗಿಸುವುದು ಪರಿಹಾರವಲ್ಲ, ಊಹೆಯನ್ನು ಬದಲಿಸುವುದಷ್ಟೇ.

ಏಕೆಂದರೆ ದೂರದಿಂದ ನೋಡುವವರಿಗೆ ನಿಧಾನವಾದ ಗಣಕವೂ ನಿಂತುಹೋದ ಗಣಕವೂ ಒಂದೇ ರೀತಿ ಕಾಣುತ್ತವೆ, ಎರಡೂ ಮೌನವಾಗಿರುತ್ತವೆ. ಸಂದೇಶಗಳ ವಿಳಂಬಕ್ಕೆ ಮಿತಿಯಿಲ್ಲದ ಜಾಲದಲ್ಲಿ ಒಂದೇ ಒಂದು ಗಣಕ ನಿಲ್ಲುವ ಸಾಧ್ಯತೆಯಿದ್ದರೂ, ಗಣಕಗಳು ಖಚಿತವಾಗಿ ಒಮ್ಮತಕ್ಕೆ ಬರುವಂತೆ ಮಾಡುವ ನಿಯತ ಕ್ರಮವಿಧಿ ಇರಲಾರದೆಂದು ಫಿಶರ್, ಲಿಂಚ್ ಮತ್ತು ಪ್ಯಾಟರ್ಸನ್ 1985ರಲ್ಲಿ ಸಾಧಿಸಿ ತೋರಿಸಿದರು. ಅದರ ಬುಡದಲ್ಲಿರುವುದೂ ಇದೇ ತೊಡಕು.

ಹಾಗಿದ್ದರೆ ಬದಲಿಸಬೇಕಾದದ್ದು ಅವಧಿಯನ್ನಲ್ಲ, ಕೆಲಸದ ಸ್ವರೂಪವನ್ನು. ಮೂರು ಗಂಟೆಯ ಗಣನೆಯನ್ನು ತುಂಡು ಮಾಡಿ, ಪ್ರತಿ ತುಂಡಿನ ಕೊನೆಗೆ ಸ್ಥಿತಿಯನ್ನು ಉಳಿಸಿ, ಮುಂದಿನ ತುಂಡನ್ನು ಸಾಲಿನಲ್ಲಿಡಬೇಕು. ತುಂಡು ಎಷ್ಟು ದೊಡ್ಡದಿರಬೇಕು? ಜಾನ್ ಯಂಗ್ 1974ರಲ್ಲಿ ಕೊಟ್ಟ ಸರಳ ಸೂತ್ರವಿದೆ: ಉಳಿಸಲು ಬೇಕಾದ ಸಮಯ ಮತ್ತು ಎರಡು ವೈಫಲ್ಯಗಳ ನಡುವಣ ಸರಾಸರಿ ಸಮಯ, ಇವುಗಳ ಗುಣಲಬ್ಧದ ಎರಡರಷ್ಟಕ್ಕೆ ವರ್ಗಮೂಲ. ಉಳಿಸಲು 1 ನಿಮಿಷ, ಸರಾಸರಿ ಏಳೂವರೆ ಗಂಟೆಗೊಮ್ಮೆ, ಅಂದರೆ 450 ನಿಮಿಷಕ್ಕೊಮ್ಮೆ, ವಿದ್ಯುತ್ ಕೈಕೊಡುವುದಾದರೆ ಉತ್ತರ 30 ನಿಮಿಷ. ನಮ್ಮ ಗಣನೆಗೆ ಆರು ತುಂಡುಗಳು. ನಷ್ಟವಾದರೂ ಸುಮಾರು ಅರ್ಧ ಗಂಟೆಯ ಶ್ರಮವಷ್ಟೇ.

ಒಂದು ಎಚ್ಚರಿಕೆ. ಸ್ಪಿನ್‌ಗಳ ಜೋಡಣೆಯನ್ನಷ್ಟೇ ಅಲ್ಲ, ಯಾದೃಚ್ಛಿಕ ಸಂಖ್ಯೆಗಳ ಉತ್ಪಾದಕದ ಸ್ಥಿತಿಯನ್ನೂ ಉಳಿಸಬೇಕು. ಆಗ ಅದೇ ತುಂಡನ್ನು ಅದೇ ಗಣಕದಲ್ಲಿ ಎರಡು ಬಾರಿ ಮಾಡಿದರೂ ಅದೇ ಉತ್ತರ ಬರುತ್ತದೆ. ಪ್ರತಿ ತುಂಡಿನ ಫಲಿತವನ್ನು ಪೂರ್ತಿಯಾದ ಮೇಲೆ ಅದರದೇ ಹೆಸರಿನ ಕಡತಕ್ಕೆ ಸೇರಿಸಿದರೆ ಪುನರಾವರ್ತನೆಯಿಂದ ಹಾನಿಯಿಲ್ಲ.

ಪ್ರಯೋಗಾಲಯದಲ್ಲಿ ಪ್ರತಿ ಅಳತೆಯನ್ನೂ ಆಗಿಂದಾಗ್ಗೆ ದಾಖಲೆ ಪುಸ್ತಕದಲ್ಲಿ ಬರೆಯಿರೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಗಣಕದ ಮುಂದೆ ಕೂತಾಗ ಅದೇ ಪಾಠವನ್ನು ಮರೆಯುವುದೇಕೆ?