ಹೊಟ್ಟೆ ಒತ್ತಿ ಕೇಳುವ ವೈದ್ಯ

ದೂಧಗಂಗಾ, ವೇದಗಂಗಾ ಕೂಡುವ ಭೋಜದ ಸುತ್ತಮುತ್ತ ಹೊಟ್ಟೆ ಉಬ್ಬರಕ್ಕೆ ಈಗ ಒಂದೇ ಕಾರಣ: ಗ್ಯಾಸು. "ಹೊಟ್ಟಿ ಉಬ್ಬೇತ್ರಿ, ಒಂದ್ ಗುಳಗಿ ಕೊಡ್ರಿ" ಅಂದರೆ ಸಾಕು, ಮೆಡಿಕಲ್ ಅಂಗಡಿಯವರು ಪ್ಯಾಂಟೊಪ್ರಜೋಲ್ ಪಟ್ಟಿಯಿಂದ ಎರಡು ಕತ್ತರಿಸಿ ಕೈಗಿಡುತ್ತಾರೆ. ಆ ಗುಳಿಗೆ ತಗ್ಗಿಸುವುದು ಜಠರದ ಆಮ್ಲವನ್ನು. ಕರುಳಿನ ಗಾಳಿಗೆ ಅದು ಮದ್ದಲ್ಲ. ಉಬ್ಬರ ಯಾವಾಗಿನಿಂದ, ಉಂಡ ಮೇಲೋ ಉಣ್ಣದಿದ್ದಾಗಲೋ ಎಂಬ ವಿಚಾರಣೆಯೇ ಇಲ್ಲದೆ ವ್ಯವಹಾರ ಮುಗಿಯುತ್ತದೆ.

ಚೀನಾದ ಸಾಂಪ್ರದಾಯಿಕ ವೈದ್ಯ ಇದೇ ಉಬ್ಬರವನ್ನು ವಿಚಾರಿಸುವ ಬಗೆ ನೋಡಿದರೆ ನಮ್ಮ ಅವಸರ ಎದ್ದು ಕಾಣುತ್ತದೆ. ಸುಮಾರು 1800 ವರ್ಷಗಳ ಹಿಂದಿನ ಜಾಂಗ್ ಝೊಂಗ್‌ಜಿಂಗ್ ಮೊದಲು ಹೊಟ್ಟೆಯ ಮೇಲೆ ಕೈ ಇಡಲು ಹೇಳುತ್ತಾನೆ. ಒತ್ತಿದರೆ ನೋವಿಲ್ಲವೋ, ಅದು ಶಕ್ತಿ ಕುಂದಿದ ಉಬ್ಬರ. ನೋವುಂಟೋ, ಒಳಗೆ ಏನೋ ಕಟ್ಟಿಕೊಂಡಿದೆ. ಆಗಾಗ ಇಳಿದು ಮತ್ತೆ ಏರಿದರೆ ಶೀತ, ಬಿಸಿ ಮದ್ದು ಕೊಡು. ಮುಂದೆ ಬಂದವರು ಕಾರಣಗಳನ್ನು ಇನ್ನಷ್ಟು ಬಿಡಿಸಿದರು: ಅತಿಯಾಗಿ ತಿಂದು ಅನ್ನ ನಿಂತದ್ದು, ತೇವ ಮತ್ತು ಉಷ್ಣ ಕೂಡಿದ್ದು, ಸಿಟ್ಟು ನುಂಗಿ ಯಕೃತ್ತಿನ 'ಚೀ' ಎಂಬ ಪ್ರಾಣಶಕ್ತಿ ತಡೆದದ್ದು, ದುಡಿದು ದಣಿದು ಗುಲ್ಮ ಸೋತದ್ದು.

ಈ ಕೊನೆಯ ಕಾರಣದ ಹಿಂದೆ ಒಂದು ಇತಿಹಾಸವಿದೆ. 1232ರಲ್ಲಿ ಮಂಗೋಲರು ಕೈಫೆಂಗ್ ನಗರವನ್ನು ಮುತ್ತಿದರು. ಮುತ್ತಿಗೆ ತೆರವಾದ ಮೇಲೂ ಜನ ಗುಂಪುಗುಂಪಾಗಿ ಸತ್ತರು. ಅದನ್ನು ಕಂಡ ವೈದ್ಯ ಲೀ ಡೊಂಗ್‌ಯುವಾನ್, ಇದು ಹೊರಗಿನಿಂದ ಬಂದ ಶೀತದ ರೋಗವಲ್ಲ, ಹಸಿವು, ಅಂಜಿಕೆ, ದಣಿವು ಒಳಗಿನ ಪಚನವನ್ನೇ ಕೆಡಿಸಿವೆ ಎಂದು ವಾದಿಸಿದ. ಗುಲ್ಮ ಮತ್ತು ಜಠರದ ಮೇಲಿನ ಅವನ ಗ್ರಂಥ 'ಪೀ ವೇ ಲುನ್' 1249ರದು. ಕೈಫೆಂಗ್‌ನಲ್ಲಿ ಸತ್ತವರಲ್ಲಿ ಸಾಂಕ್ರಾಮಿಕವೇ ಹೆಚ್ಚಿತ್ತೋ ಏನೋ. ಆದರೆ ದುಡಿಮೆ ಮತ್ತು ಉಪವಾಸವನ್ನು ರೋಗದ ಕಾರಣವಾಗಿ ಬರೆದಿಟ್ಟದ್ದು ಸಣ್ಣ ಮಾತಲ್ಲ. ನಿಪ್ಪಾಣಿ ಭಾಗದ ಬೀಡಿ ಕಟ್ಟುವ ಹೆಂಗಸು ತೊಡೆಯ ಮೇಲೆ ಮೊರ ಇಟ್ಟುಕೊಂಡು, ಹೊಟ್ಟೆ ಮಡಚಿ, ಎಣಿಕೆ ಮುಗಿಯುವ ತನಕ ಏಳದೆ ಕೂರುತ್ತಾಳೆ. ಕಬ್ಬು ಕಡಿಯುವ ಗ್ಯಾಂಗಿನವರು ಹೊತ್ತಿಲ್ಲದ ಹೊತ್ತಿನಲ್ಲಿ ತಂಗಳ ರೊಟ್ಟಿ, ಖಾರ ತಿಂದು ಮತ್ತೆ ಕುಡುಗೋಲು ಹಿಡಿಯುತ್ತಾರೆ. ಇವರನ್ನು ಲೀ ಎದುರು ಕೂರಿಸಿದ್ದರೆ ಮೊದಲು ಕೆಲಸದ ವೇಳೆ ಕೇಳುತ್ತಿದ್ದ ಎನಿಸುತ್ತದೆ.

ಆದರೆ ಪ್ರಶ್ನೆ ಒಳ್ಳೆಯದಾದ ಮಾತ್ರಕ್ಕೆ ಉತ್ತರ ಸರಿಯಾಗುವುದಿಲ್ಲ. ಗುಲ್ಮ ರಕ್ತ ಸೋಸುವ ಅಂಗ, ಅನ್ನ ಅರಗಿಸುವುದಿಲ್ಲ. ಚೀನೀ ವೈದ್ಯರು ಅದು ಅಂಗವಲ್ಲ, ಕ್ರಿಯೆಯ ಹೆಸರು ಎನ್ನುತ್ತಾರೆ. ಆಗಲಿ, ಆದರೆ ಮದ್ದು ಹತ್ತಿದರೆ ಗುಲ್ಮ ಸೋತಿತ್ತು, ಹತ್ತದಿದ್ದರೆ ಯಕೃತ್ತು ಕಾಡುತ್ತಿತ್ತು ಎಂದರೆ ತಪ್ಪಾಗಲು ಜಾಗವೇ ಉಳಿಯುವುದಿಲ್ಲ. ನಮ್ಮ ಆಯುರ್ವೇದದ ಸಮಾನ ವಾಯು, ಮಂದಾಗ್ನಿಯ ಮೇಲೂ ಇದೇ ಆಕ್ಷೇಪ ನಿಲ್ಲುತ್ತದೆ. ಅವರು ಮೂಲಂಗಿ ಬೀಜ, ಕಿತ್ತಳೆ ಸಿಪ್ಪೆ ಎಂದಲ್ಲಿ ನಾವು ಅಜಿವಾನ, ಇಂಗು ಎಂದೆವು.

ತಿನಿಸಿನ ವಿಷಯದಲ್ಲಿ ಮಾತ್ರ ಭೋಜಕ್ಕೆ ಹೇಳಿಕೊಳ್ಳಲು ಏನೋ ಇದೆ. ಇದು ಜೈನ ಮುನಿ ಆಚಾರ್ಯ ಶಾಂತಿಸಾಗರರು ಬೆಳೆದ ಊರು. ಇಲ್ಲಿ ವ್ರತಸ್ಥ ಜೈನರ ಅಡಿಗೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲ, ಹೊತ್ತು ಮುಳುಗಿದ ಮೇಲೆ ಊಟವೂ ಇಲ್ಲ. 12ನೆಯ ಶತಮಾನದಲ್ಲೇ ಜೈನ ಕವಿ ಜಗದ್ದಳ ಸೋಮನಾಥ ಮದ್ಯ, ಮಾಂಸ, ಜೇನು ಬಿಟ್ಟ ಚಿಕಿತ್ಸೆಯನ್ನು ಕನ್ನಡದ 'ಕಲ್ಯಾಣಕಾರಕ'ದಲ್ಲಿ ಬರೆದಿದ್ದ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು 2005ರಿಂದೀಚೆ ಉಬ್ಬರದಂಥ ತೊಂದರೆಗೆ ರೂಪಿಸಿದ ಪಥ್ಯದಲ್ಲೂ ಮೊದಲು ಬಿಡಬೇಕಾದವುಗಳಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇವೆ. ಸಣ್ಣ ಕರುಳಲ್ಲಿ ಅರಗದ ಅವುಗಳ ಸಕ್ಕರೆಯನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸಿ ಗಾಳಿ ಮಾಡುತ್ತವೆ. ಜೈನರು ಬಿಟ್ಟದ್ದು ಅಹಿಂಸೆಗಾಗಿ, ಹೊಟ್ಟೆಗಾಗಿ ಅಲ್ಲ. ಮೇಲಾಗಿ ಅದೇ ಪಥ್ಯ ದೂರ ಇಡುವ ಕಾಳು, ಬೇಳೆ ಅವರ ತಾಟಿನಲ್ಲಿ ದಿನಾಲೂ ಇವೆ. ಆದ್ದರಿಂದ ಹೆಮ್ಮೆ ಅರ್ಧಕ್ಕೇ ನಿಲ್ಲಬೇಕು.

ಉಬ್ಬಿದ ಹೊಟ್ಟೆಯಲ್ಲೆಲ್ಲ ಗಾಳಿಯೇ ಹೆಚ್ಚಿರುತ್ತದೆಂದೂ ಇಲ್ಲ. ಕೆಲವರಲ್ಲಿ ಉಂಡ ಮೇಲೆ ವಪೆ ಕೆಳಕ್ಕಿಳಿದು, ಮುಂದಿನ ಸ್ನಾಯು ಸಡಿಲಾಗಿ ಹೊಟ್ಟೆ ಮುಂದೆ ಬರುತ್ತದೆ. ಮನಸ್ಸಿನ ಒತ್ತಡ ಕರುಳಿನ ಚಲನೆಯನ್ನೂ ನೋವಿನ ಅರಿವನ್ನೂ ಬದಲಿಸುವುದು ಈಗ ತಿಳಿದ ಸಂಗತಿ. ನುಂಗಿದ ಸಿಟ್ಟಿಗೆ ಚೀನೀಯರು ಕೊಟ್ಟ ವಿವರಣೆ ಬಿದ್ದರೂ ಗಮನಿಸಿದ್ದು ಬೀಳಲಿಲ್ಲ.

ನನ್ನ ದೊಡ್ಡ ತಕರಾರು ಬೇರೆ ಕಡೆ ಇದೆ. ನೀರು ತುಂಬಿದ ಹೊಟ್ಟೆಯನ್ನು ಹಳಬರು ಗುರುತಿಸಿದ್ದರು. ಚೀನೀಯರು ಡೋಲಿನಂತೆ ಬಿಗಿದ ಉಬ್ಬರವನ್ನು ಬೇರೆಯಾಗಿಯೇ ಬರೆದರು, ಸುಶ್ರುತ ಜಲೋದರಕ್ಕೆ ಚುಚ್ಚಿ ನೀರು ತೆಗೆಯುವ ವಿಧಾನ ಹೇಳಿದ. ಆದರೆ ಮೊದಮೊದಲ ಹಂತದ ಅಂಡಾಶಯದ ಗೆಡ್ಡೆ ಅಷ್ಟು ಕಣ್ಣಿಗೆ ಬೀಳುವುದಿಲ್ಲ. ಐವತ್ತು ದಾಟಿದ ಹೆಂಗಸಿಗೆ ಹೊಸದಾಗಿ ಉಬ್ಬರ ಬಂದು ವಾರಗಟ್ಟಲೆ ಇಳಿಯುತ್ತಿಲ್ಲ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು ಅನ್ನುತ್ತಾಳೆ ಎಂದಿಟ್ಟುಕೊಳ್ಳಿ. ಝೊಂಗ್‌ಜಿಂಗ್ ಹೇಳಿದಂತೆ ಒತ್ತಿದರೆ ನೋವಿಲ್ಲ. ಲೆಕ್ಕಕ್ಕೆ ಅದು ಶಕ್ತಿ ಕುಂದಿದ ಉಬ್ಬರ, ತಿಂಗಳುಗಟ್ಟಲೆ ಪುಷ್ಟಿಯ ಕಷಾಯ. ನಮ್ಮ ಮೆಡಿಕಲ್‌ನ ಲೆಕ್ಕಕ್ಕೆ ಅದು ಗ್ಯಾಸು, ಇನ್ನೆರಡು ಗುಳಿಗೆ. ಅವಳಿಗೆ ಆಗಬೇಕಾದದ್ದು ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆ.