ಹೆಸರಿಡುವ ಅವಸರ

ಹಾರುವ ತಟ್ಟೆಗಳ ಮೇಲೆ ಬಂದ ಪುಸ್ತಕಗಳನ್ನು ಒಂದರ ಹಿಂದೆ ಒಂದು ಓದಿದವರಿಗೆ ಬೇಗನೆ ಗೊತ್ತಾಗುವ ಸಂಗತಿಯೊಂದಿದೆ: ಅವುಗಳಲ್ಲಿ ಆಕಾಶ ತೀರಾ ಕಡಿಮೆ. ಕಂಡವರ ಬೆರಗಿದೆ, ಸರ್ಕಾರ ಏನನ್ನೋ ಬಚ್ಚಿಟ್ಟಿದೆ ಎಂಬ ಸಿಟ್ಟಿದೆ, ಹಿಂದಿನ ಪುಸ್ತಕದಿಂದ ಎತ್ತಿಕೊಂಡ ಪ್ರಸಂಗಗಳಿವೆ. ಅವತ್ತು ಆ ದಿಕ್ಕಿನಲ್ಲಿ ಯಾವ ಗ್ರಹವಿತ್ತು, ಗಾಳಿ ಎತ್ತಣಿಂದ ಬೀಸುತ್ತಿತ್ತು, ಕಂಡದ್ದು ದಿಗಂತದಿಂದ ಎಷ್ಟು ಮೇಲಿತ್ತು ಎಂದು ಹುಡುಕಹೊರಟರೆ ಪುಟಗಟ್ಟಲೆ ಮಗುಚಿದರೂ ಸಿಗುವುದು ಅಪರೂಪ. ಈ ಕೊರತೆಯನ್ನು ನಾನು ಸಣ್ಣದೆಂದು ಭಾವಿಸುವುದಿಲ್ಲ. ಹವ್ಯಾಸಿಗಳ ಎಪ್ಪತ್ತೈದು ವರ್ಷಗಳ ಶ್ರಮ ಕೈಗೆ ಹತ್ತದೆ ಹೋದದ್ದು ಇಲ್ಲಿಯೇ.

ಕತೆ ಶುರುವಾದದ್ದೇ ಹಾಗೆ. 1947ರ ಜೂನ್ 24ರಂದು ಅಮೆರಿಕದ ರೇನಿಯರ್ ಪರ್ವತದ ಹತ್ತಿರ ಖಾಸಗಿ ಪೈಲಟ್ ಕೆನೆತ್ ಅರ್ನಾಲ್ಡ್ ಒಂಬತ್ತು ವಸ್ತುಗಳನ್ನು ಕಂಡರು. ಅವು ನೀರಿನ ಮೇಲೆ ಎಸೆದ ಸಾಸರಿನ ಹಾಗೆ ಪುಟಿಯುತ್ತ ಸಾಗಿದವು ಎಂದು ಅವರು ಹೇಳಿದ್ದು ಚಲನೆಯ ಬಗ್ಗೆ. ಪತ್ರಿಕೆಗಳು ಅದನ್ನು ಆಕಾರ ಮಾಡಿಬಿಟ್ಟವು. ಆಮೇಲೆ ಕಂಡವರಿಗೆಲ್ಲ ತಟ್ಟೆಗಳೇ ಕಂಡವು.

ಅಮೆರಿಕದ ವಾಯುಪಡೆ 1969ರಲ್ಲಿ ‘ಬ್ಲೂ ಬುಕ್’ ಯೋಜನೆಯನ್ನು ಮುಚ್ಚುವಾಗ ಕಡತದಲ್ಲಿ 12,618 ವರದಿಗಳಿದ್ದವು. ಅವುಗಳಲ್ಲಿ 701ಕ್ಕೆ ವಿವರಣೆ ಸಿಕ್ಕಿರಲಿಲ್ಲ. ನಂಬುವವರು 701ನ್ನು ಹಿಡಿದುಕೊಂಡರು, ನಂಬದವರು ಉಳಿದದ್ದನ್ನು. ವಾಯುಪಡೆಗೆ ಸಲಹೆಗಾರರಾಗಿದ್ದ ಖಗೋಳ ವಿಜ್ಞಾನಿ ಜೆ. ಅಲೆನ್ ಹೈನೆಕ್ 1966ರ ಮಾರ್ಚಿನಲ್ಲಿ ಮಿಷಿಗನ್ನಿನ ಕೆಲವು ಬೆಳಕುಗಳಿಗೆ ಜೌಗು ನೆಲದ ಅನಿಲ ಕಾರಣವಿರಬಹುದು ಎಂದದ್ದೇ ತಡ, ಊರಿನವರು ರೇಗಿದರು, ವ್ಯಂಗ್ಯಚಿತ್ರಗಳು ಬಂದವು. ಆ ಜನರ ಕೋಪ ನನಗೆ ನ್ಯಾಯವಾದದ್ದೆಂದೇ ತೋರುತ್ತದೆ. ತಾವು ಕಣ್ಣಾರೆ ಕಂಡದ್ದನ್ನು ದೊಡ್ಡ ಊರಿನಿಂದ ಬಂದವರು ಅವಸರದಲ್ಲಿ ಒಂದು ಹೆಸರು ಕೊಟ್ಟು ಮುಗಿಸಿದರೆ ಯಾರಿಗೂ ನೋವಾಗುತ್ತದೆ. ಹೈನೆಕ್ ಅದರಿಂದ ಕಲಿತರು. 1972ರ ಅವರ ಪುಸ್ತಕ ಸಾಕ್ಷಿಗಳನ್ನು ಗೌರವದಿಂದ ಕಾಣುತ್ತದೆ. ಮರುವರ್ಷ ಅವರು ಸ್ಥಾಪಿಸಿದ ಅಧ್ಯಯನ ಕೇಂದ್ರವೂ ಆ ಗೌರವವನ್ನು ಉಳಿಸಿಕೊಂಡಿತು.

ನಮ್ಮ ಕಡೆಯ ಕೊಳ್ಳಿದೆವ್ವಕ್ಕೂ ಇದೇ ಗತಿ. ಕೆರೆಯಂಗಳದಲ್ಲಿ, ಗದ್ದೆಯ ಬದುವಿನಲ್ಲಿ ರಾತ್ರಿ ಉರಿಯುತ್ತ ಸರಿಯುವ ಬೆಳಕನ್ನು ಹಿಂದಿನವರು ದೆವ್ವ ಎಂದರು, ಶಾಲೆಯ ಪುಸ್ತಕ ಮೀಥೇನ್ ಎಂದಿತು. ಅಂಥ ಬೆಳಕು ಹೇಗೆ ಹೊತ್ತಿಕೊಳ್ಳುತ್ತದೆ ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಇನ್ನೂ ಮುಗಿದಿಲ್ಲ. ಮೀಥೇನ್ ಎಂದವರೂ ದೆವ್ವ ಎಂದವರೂ ಬೆಳಗಾದ ಮೇಲೆ ಆ ಬದುವಿಗೆ ಹೋಗಿ ನೋಡಲಿಲ್ಲವೆಂದರೆ ಇಬ್ಬರ ಕೆಲಸಕ್ಕೂ ತೂಕ ಒಂದೇ.

ಹೋಗಿ ನೋಡಿದವರೂ ಇದ್ದಾರೆ, ಈ ಸಾಹಿತ್ಯದಲ್ಲಿ ನಾನು ಹೆಚ್ಚು ಗೌರವಿಸುವುದು ಅವರನ್ನು. ಹೈನೆಕ್ ಕೇಂದ್ರದ ತನಿಖೆಗಾರ ಅಲನ್ ಹೆಂಡ್ರಿ 1979ರ ತಮ್ಮ ಕೈಪಿಡಿಯಲ್ಲಿ 1,307 ವರದಿಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾರೆ. ಶೇ 88.6ರಷ್ಟಕ್ಕೆ ಸಾಧಾರಣ ಕಾರಣ ಸಿಕ್ಕಿತು. ಹೊಳೆಯುವ ನಕ್ಷತ್ರ, ಗ್ರಹಗಳದೇ ದೊಡ್ಡ ಪಾಲು. ದೀಪದ ಅಕ್ಷರಗಳಲ್ಲಿ ಜಾಹೀರಾತು ಹೊತ್ತ ವಿಮಾನಗಳೂ ಬಹಳ. ಆ ಪುಸ್ತಕದ ಬೆಲೆ ಈ ಶೇಕಡಾವಾರಿನಲ್ಲಿಲ್ಲ. ನಿಂತಲ್ಲೇ ಇದ್ದ ನಕ್ಷತ್ರವೊಂದು ತಮ್ಮ ಕಾರನ್ನು ಹಿಂಬಾಲಿಸಿತು, ಜಿಗಿಯಿತು ಎಂದು ಪ್ರಾಮಾಣಿಕರಾದ, ಬುದ್ಧಿವಂತರಾದ ಜನ ಹೇಗೆ ಹೇಳುತ್ತಾರೆ ಎಂಬುದನ್ನು ಅವರು ಯಾರನ್ನೂ ಹಳಿಯದೆ ತೋರಿಸುತ್ತಾರೆ. ಉಳಿದ ಕೆಲವು ಪ್ರಕರಣಗಳನ್ನು ಬಿಡಿಸಲಾಗಲಿಲ್ಲ ಎಂದು ಒಪ್ಪಿಕೊಂಡು ಹಾಗೆಯೇ ಬಿಡುತ್ತಾರೆ. ಬಿಡುವುದಕ್ಕೂ ಧೈರ್ಯ ಬೇಕು.

ಇದಕ್ಕಿಂತ ಚೊಕ್ಕವಾದ ಉದಾಹರಣೆ ನಮ್ಮಲ್ಲೇ ಇದೆ. 2012ರ ಆಗಸ್ಟಿನಿಂದ 2013ರ ಫೆಬ್ರುವರಿವರೆಗೆ ಲಡಾಖಿನ ಸರೋವರವೊಂದರ ಮೇಲೆ ಅಪರಿಚಿತ ಬೆಳಕುಗಳನ್ನು ನಮ್ಮ ಸೈನಿಕರು 329 ಸಲ ಬರೆದಿಟ್ಟರು. ಚೀನಾದ ಬೇಹು ಡ್ರೋನ್‌ಗಳೆಂಬುದು ಅನುಮಾನ; 155 ಸಲ ಗಡಿ ದಾಟಿದವೆಂದೂ ದಾಖಲಾಯಿತು. ಪ್ರಶ್ನೆ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ ಬಂತು. ಲಡಾಖಿನ ಹಾನ್ಲೆಯಲ್ಲಿ ಈ ಸಂಸ್ಥೆಗೆ ವೀಕ್ಷಣಾಲಯವಿದೆ. ವಿಜ್ಞಾನಿಗಳು ಕೇಳಿದ್ದು ಸರಳ: ಆ ಬೆಳಕು ಹಿನ್ನೆಲೆಯ ನಕ್ಷತ್ರಗಳ ಜೊತೆಯಲ್ಲೇ ಸರಿಯುತ್ತಿದೆಯೇ? ಒಂದು ಬೆಳಕು ಸಂಜೆ ಆರರಿಂದ ನಸುಕಿನವರೆಗೆ ಕಾಣುತ್ತಿತ್ತು, ಇನ್ನೊಂದು ಬೆಳಗಿನ ನಾಲ್ಕರಿಂದ ಹನ್ನೊಂದರವರೆಗೆ. ಮೊದಲನೆಯದು ಗುರು, ಎರಡನೆಯದು ಶುಕ್ರ. ಆ ಎತ್ತರದ ತೆಳು ಗಾಳಿಯಲ್ಲಿ ಶುಕ್ರ ಹಗಲಲ್ಲೂ ಕಣ್ಣಿಗೆ ಬೀಳುತ್ತದೆ. ಇಲ್ಲಿ ಸೈನಿಕರನ್ನು ಹೊಗಳಬೇಕು: ಅವರು ಹೊತ್ತನ್ನು ಬರೆದಿಟ್ಟಿದ್ದರಿಂದಲೇ ಉತ್ತರ ಸಿಕ್ಕಿತು. ಬೆಳ್ಳಿ ಮೂಡುವ ಹೊತ್ತಿಗೆ ಎದ್ದು ಎತ್ತು ಹೂಡುತ್ತಿದ್ದ ನಮ್ಮ ಅಜ್ಜಂದಿರಿಗೆ ಆ ಬೆಳಕಿನ ಪರಿಚಯ ಹೇಳಿಕೊಡಬೇಕಿರಲಿಲ್ಲ. ಬೀದಿದೀಪದ ಕೆಳಗೆ ಬೆಳೆದ ನಮಗೆ ಬೇಕು.

ಆಕಾಶವನ್ನು ಬಿಟ್ಟು ಗ್ರಂಥವನ್ನೇ ತನಿಖೆ ಮಾಡಬೇಕಾಗಿ ಬಂದದ್ದೂ ಬೆಂಗಳೂರಿನಲ್ಲೇ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಮೈಸೂರಿನ ಜಿ. ಆರ್. ಜೋಯಿಸರ್ 1973ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಭರದ್ವಾಜ ಮಹರ್ಷಿಗಳದೆಂದು ಹೇಳಲಾದ ಆ ಗ್ರಂಥ ಅನ್ಯಲೋಕದವರ ಸಾಹಿತ್ಯಕ್ಕೆ ಒಳ್ಳೆಯ ಮೇವಾಯಿತು. ಅಮೆರಿಕದ ಡೇವಿಡ್ ಹ್ಯಾಚರ್ ಚೈಲ್ಡ್ರೆಸ್ 1991ರ ತಮ್ಮ ಪುಸ್ತಕದೊಳಗೆ ಅದನ್ನು ಸೇರಿಸಿಕೊಂಡರು. ಆದರೆ 1974ರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ನಾಲ್ವರು ಸಹೋದ್ಯೋಗಿಗಳು ಅದನ್ನು ಕೂಲಂಕಷವಾಗಿ ನೋಡಿ ಮುಗಿಸಿದ್ದರು. ಅವರ ಲೇಖನದ ಕ್ರಮ ಇವತ್ತಿಗೂ ಪಾಠದಂತಿದೆ. ಪ್ರಾಚೀನರಿಗೆ ವಿಮಾನ ಹೇಗೆ ಗೊತ್ತಿದ್ದೀತು ಎಂದು ತಳ್ಳಿಹಾಕಲಿಲ್ಲ. ಗ್ರಂಥ ಯಾರ ಬಾಯಿಂದ ಯಾರ ಕೈಗೆ ಬಂತೆಂದು ವಿಚಾರಿಸಿದರು, ಶ್ಲೋಕಗಳ ಭಾಷೆಯನ್ನೂ ಛಂದಸ್ಸನ್ನೂ ಪರೀಕ್ಷಿಸಿದರು, ಚಿತ್ರಗಳನ್ನು ಪಠ್ಯದೊಡನೆ ಹೋಲಿಸಿದರು. ಕೊನೆಗೆ ಶಕುನ, ಸುಂದರ, ರುಕ್ಮ, ತ್ರಿಪುರ ವಿಮಾನಗಳನ್ನು ಎಂಜಿನಿಯರುಗಳಾಗಿ ಲೆಕ್ಕ ಹಾಕಿ, ಇವು ಯಾವುವೂ ಹಾರಲಾರವು, ಗ್ರಂಥ 1904ಕ್ಕಿಂತ ಹಿಂದಿನದಲ್ಲ ಎಂದರು. ಗ್ರಂಥವನ್ನು ಇಷ್ಟು ಮನಸ್ಸಿಟ್ಟು ಓದಿದ್ದೇ ಅದಕ್ಕೆ ಸಂದ ಮರ್ಯಾದೆ. ಅದರ ಹೆಸರು ಹೇಳಿ ಬೀಗುವವರಲ್ಲಿ ಬಹಳ ಮಂದಿ ಅಷ್ಟನ್ನೂ ಮಾಡಿಲ್ಲ. 2015ರ ಜನವರಿಯಲ್ಲಿ ಮುಂಬೈಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನಗಳ ಮಾತು ಮತ್ತೆ ಕೇಳಿಬಂದಾಗ ಆ ಲೇಖನಕ್ಕೆ ನಲವತ್ತು ವರ್ಷ ದಾಟಿತ್ತು. ಅದನ್ನು ಪೂರ್ತಿಯಾಗಿ ಕನ್ನಡಕ್ಕೆ ತಂದು ಪ್ರೌಢಶಾಲೆಗಳಿಗೆ ಹಂಚಬೇಕೆಂಬುದು ನನ್ನ ಬಹುದಿನದ ಆಸೆ.

ಕನ್ನಡದಲ್ಲಿ ಈ ವಿಷಯದ ರುಚಿಯನ್ನು ಅನೇಕರಿಗೆ ಹತ್ತಿಸಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಫ್ಲೈಯಿಂಗ್ ಸಾಸರ್ಸ್’ ಎರಡು ಭಾಗಗಳು. ಕುತೂಹಲವನ್ನು ಕೆರಳಿಸುವ ಕೆಲಸ ಅಲ್ಲಿ ಆಗಿದೆ. ಆ ಕುತೂಹಲ ಹೊತ್ತ ಹುಡುಗ ಅಥವಾ ಹುಡುಗಿ ರಾತ್ರಿ ಮಾಳಿಗೆ ಹತ್ತಿ ಏನು ಮಾಡಬೇಕು ಎಂದು ಹೇಳುವ, ಹೆಂಡ್ರಿಯ ಕೈಪಿಡಿಯಂಥ ಪುಸ್ತಕ ನಮಗೆ ಬೇಕು.

ಅಂಥ ಪುಸ್ತಕವನ್ನು ಹರಿಹರ ತಾಲೂಕಿನ ಕೊಕ್ಕನೂರಿನಲ್ಲಿ ಕೂತೂ ಬರೆಯಬಹುದು, ಏಕೆಂದರೆ ಸಾಮಗ್ರಿ ಇಲ್ಲೇ ತಲೆಯ ಮೇಲಿದೆ. 2019ರ ಮೇ ತಿಂಗಳಿಂದ ಸ್ಟಾರ್‌ಲಿಂಕ್ ಉಪಗ್ರಹಗಳು ಉಡಾವಣೆಯಾದ ಹೊಸದರಲ್ಲಿ ಮುಸ್ಸಂಜೆಯ ಆಕಾಶದಲ್ಲಿ ಸಾಲುಗಟ್ಟಿ ಹೋಗುತ್ತವೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಡಿಆರ್‌ಡಿಒ ಮಾನವರಹಿತ ವಿಮಾನಗಳನ್ನು ಪರೀಕ್ಷಿಸುತ್ತದೆ; 2019ರ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿ ಬಳಿ, 2023ರ ಆಗಸ್ಟಿನಲ್ಲಿ ಹಿರಿಯೂರು ತಾಲೂಕಿನಲ್ಲಿ ಅಂಥವು ಹೊಲಕ್ಕೆ ಬಿದ್ದಾಗ ಊರಿಗೆ ಊರೇ ನೆರೆದಿತ್ತು. ಬೀಳದೆ ಹಾರಿಹೋದವನ್ನು ಯಾರಾದರೂ ಗುರುತು ಹಾಕಿಕೊಂಡರೇ?

ಸಲಕರಣೆ ದೊಡ್ಡದೇನೂ ಬೇಡ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ಕಿರುಬೆರಳು ಒಂದು ಡಿಗ್ರಿ. ಹುಣ್ಣಿಮೆ ಚಂದ್ರ ಅರ್ಧ ಡಿಗ್ರಿ. ‘ಬಸ್ಸಿನಷ್ಟು ದೊಡ್ಡದು’ ಎನ್ನುವ ಮಾತು ಯಾವ ಲೆಕ್ಕಕ್ಕೂ ಬರುವುದಿಲ್ಲ, ದೂರ ಗೊತ್ತಿಲ್ಲದೆ ಗಾತ್ರ ಗೊತ್ತಾಗದು. ‘ದಿಗಂತದಿಂದ ಎರಡು ಮುಷ್ಟಿ ಮೇಲೆ, ಪಶ್ಚಿಮಕ್ಕೆ, ಏಳೂ ಇಪ್ಪತ್ತಕ್ಕೆ’ ಎಂದರೆ ಲೆಕ್ಕಕ್ಕೆ ಬರುತ್ತದೆ. ಕೊಕ್ಕನೂರಿನಲ್ಲಿ ಒಬ್ಬರು, ಅದರ ಪೂರ್ವಕ್ಕಿರುವ ದಾವಣಗೆರೆಯಲ್ಲಿ ಇನ್ನೊಬ್ಬರು ಒಂದೇ ನಿಮಿಷದಲ್ಲಿ ಹೀಗೆ ಬರೆದಿಟ್ಟರಂತೂ ಇನ್ನೂ ಒಳ್ಳೆಯದು. ಕಂಡದ್ದು ಶುಕ್ರನಾದರೆ ಇಬ್ಬರಿಗೂ ಅದು ಒಂದೇ ದಿಕ್ಕು. ಎರಡೂ ಊರುಗಳ ನಡುವೆ ತಗ್ಗಿನಲ್ಲಿ ಹಾರುವ ಡ್ರೋನಾದರೆ ಇವರಿಗೆ ಪೂರ್ವದಲ್ಲಿ, ಅವರಿಗೆ ಪಶ್ಚಿಮದಲ್ಲಿ. ಎರಡೂ ಅಲ್ಲವಾದರೆ, ಆ ಎರಡು ಸಾಲುಗಳ ಟಿಪ್ಪಣಿಯನ್ನು ಯಾವ ಖಗೋಳ ವಿಜ್ಞಾನಿಯ ಮುಂದೆಯೂ ಧೈರ್ಯವಾಗಿ ಇಡಬಹುದು.